ಕೀನ್ಯಾಕ್ಕೆ ಹೊರಟ ಸನ್ಮಾನದ ಶಾಲುಗಳು

ಸನ್ಮಾನ ಎಂಬುದು ನಮ್ಮ ಕಡೆ ನೆಗಡಿ ಇದ್ದ ಹಾಗೆ. ಯಾರಿಗೆ, ಯಾವಾಗ, ಯಾಕೆ ಬರುತ್ತದೆ ಎಂದು ಹೇಳಲಾಗದು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ಊರಿನಲ್ಲಾದರೂ ನಾಲ್ಕು ದಿನ ಉಳಿದು ನೋಡಿ, ಯಾರೋ ಒಬ್ಬರು ಶಾಲು ಹಿಡಿದು ನಿಮ್ಮ ಬೆನ್ನ ಹಿಂದೆ ನಿಂತಿರುತ್ತಾರೆ. ತಿಳವಳ್ಳಿಯ ನಮ್ಮ ಮನೆಯಲ್ಲಂತೂ ಈ ಕಾಟ ವಿಪರೀತ. ಅಪ್ಪ ಊರಿನ ಶಾಲೆಯ ಸಮಿತಿಗೆ ಅಧ್ಯಕ್ಷ. ಹತ್ತಿಮತ್ತೂರಿನಲ್ಲಿ ಹೊಸ ಕೊಠಡಿ ಕಟ್ಟಿದರೂ ಅಪ್ಪನಿಗೆ ಶಾಲು, ಚಿಕ್ಕೇರೂರಿನಲ್ಲಿ ಹಳೆಯ ಕೊಠಡಿ ಕೆಡವಿದರೂ ಅಪ್ಪನಿಗೇ ಶಾಲು. ಅವ್ವ ಅವುಗಳ ಮೇಲೆ ಹಪ್ಪಳ, ಸಂಡಿಗೆ, ಅರಿಸಿನ ಎಲ್ಲ ಒಣಹಾಕಿ ಸೋತಿದ್ದಾಳೆ. ಉಳಿದವು ಟ್ರಂಕಿನಲ್ಲಿದ್ದು, ಮುಂದಿನ ಕಾರ್ಯಕ್ರಮದಲ್ಲಿ ಇನ್ನೊಬ್ಬರ ಹೆಗಲೇರುತ್ತವೆ, ಅಲ್ಲಿಂದ ಮತ್ತೊಬ್ಬರ ಹೆಗಲಿಗೆ. ಅಂಗಡಿಯಿಂದ ಹೊಸ ಶಾಲು ಕೊಂಡು ತಂದವರನ್ನು ನಾನಂತೂ ಕಂಡಿಲ್ಲ.

ನಾನು ಓದುತ್ತಿರುವುದು ಸಮಾಜಕಾರ್ಯ. ಕಾಲೇಜಿನಿಂದ ನಮ್ಮಲ್ಲಿ ಕೆಲವರನ್ನು ಸ್ವಯಂಸೇವೆಗೆಂದು ಕೀನ್ಯಾ ದೇಶಕ್ಕೆ ಕಳಿಸುವುದೆಂದಾಯಿತು. ಅಲ್ಲಿನ ಅನಾಥ ಮಕ್ಕಳ ಮನೆಗಳನ್ನೂ ಶಾಲೆಗಳನ್ನೂ ಕಂಡು, ಮಕ್ಕಳ ಜೊತೆ ಬೆರೆತು ಬರಬೇಕು. ಮಗಳು ಸಮುದ್ರ ದಾಟುತ್ತಾಳೆ ಎಂಬ ಚಿಂತೆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಪ್ಪನ ಚಿಂತೆಯೇ ಬೇರೆ. "ಮಕ್ಕಳಿರೋ ಮನಿಗೆ ಬರೀ ಕೈಲೆ ಹೋಗಬಾರ್ದು. ಅಲ್ಲಿ ಹಿರ್ಯಾರು ಇರ್ತಾರ, ಒಂದೊಂದು ಶಾಲು ಹೊದಿಸಿ ಬಾ" ಎಂದು ಟ್ರಂಕು ತೆರೆದರು. ಅವ್ವನ ಮುಖ ಅರಳಿತು. "ಅಷ್ಟೂ ಒಯ್ಯವಾ. ಹೊಳ್ಳಿ ಮಾತ್ರ ತರಬ್ಯಾಡ!" ಮೇಲೆ ಹಾವೇರಿಯ ಏಲಕ್ಕಿ ಹಾರವೂ ಒಂದು ಚೀಲ ಸೇರಿತು.

ಅಲ್ಲಿ ಊರ ಹೊರಗಿನ ಒಂದು ಮಕ್ಕಳ ಮನೆಗೆ ಹೋದೆವು. ಊಟಕ್ಕೆ ಗೋವಿನಜೋಳದ ಹಿಟ್ಟಿನ ಮುದ್ದೆ. ನಮ್ಮ ಹೊಲದಲ್ಲಿ ಬೆಳೆಯುವುದೂ ಅದೇ, ಆದರೆ ಅದೆಲ್ಲ ಕೋಳಿ ಆಹಾರಕ್ಕೆಂದು ಲಾರಿ ಹತ್ತಿ ಹೋಗುತ್ತದೆ. ರುಚಿ ನೋಡಿದ ಮೇಲೆ ನಮ್ಮ ಕಡೆಯ ಕೋಳಿಗಳ ಬಗ್ಗೆ ಗೌರವ ಹುಟ್ಟಿತು. ಅಂದು ಸಂಜೆ ಆ ಮಕ್ಕಳಿಗೆ ಪಕ್ಕದೂರಿನ ಶಾಲೆಯೊಂದಿಗೆ ಫುಟ್ಬಾಲ್ ಪಂದ್ಯವಿತ್ತು. ಹಿಂದಿನ ಸಲ ಸೋತಿದ್ದರಂತೆ, ಈ ಸಲ ಸೇಡು ತೀರಿಸಿಕೊಳ್ಳಲು ತುದಿಗಾಲಲ್ಲಿ ನಿಂತಿದ್ದರು. ಎದುರಾಳಿ ಹುಡುಗಿಯರು ವ್ಯಾನಿನಲ್ಲಿ ಬಂದು ಮೈದಾನದ ಅಂಚಿನಲ್ಲಿ ಕಾಯುತ್ತಿದ್ದರು. ಕತ್ತಲಾಗುವ ಮೊದಲು ಅವರು ವಾಪಸು ಹೊರಡಬೇಕಿತ್ತು.

ಇದೆಲ್ಲ ಗೊತ್ತಿದ್ದೂ ನಾನು ಚೀಲ ಬಿಚ್ಚಿದೆ. ಕಾರ್ಯಕ್ರಮವೆಂದು ಮಕ್ಕಳನ್ನೆಲ್ಲ ಎದುರಿಗೆ ಕೂರಿಸಿದರು. ಮೊದಲು ಆ ಮನೆಯ ಮೇಲ್ವಿಚಾರಕಿಗೆ ಶಾಲು, ಹಾರ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಒಬ್ಬರಿಗೆ ಹೊದಿಸಿ ಇನ್ನೊಬ್ಬರನ್ನು ಬಿಟ್ಟರೆ ನಮ್ಮ ಕಡೆ ಜನ್ಮಪೂರ್ತಿ ಮಾತು ಬಿಡುತ್ತಾರೆ. ಹಾಗಾಗಿ ಅಡುಗೆಯವರಿಗೆ, ಕಾವಲುಗಾರನಿಗೆ, ತೋಟದ ಅಜ್ಜನಿಗೆ, ಹಾಲು ಹಾಕಲು ಬಂದವನಿಗೂ ಶಾಲು. ಶಾಲು ಹೊದಿಸಿದ ಮೇಲೆ ಮಾತಾಡದಿರಲು ಬರುತ್ತದೆಯೇ? ಪ್ರತಿಯೊಬ್ಬರ ಬಗ್ಗೆಯೂ 'ಎರಡೇ ಎರಡು ಮಾತು' ಆಡಿದೆ. ಅವರೂ ಮರ್ಯಾದಸ್ಥರು, ಪ್ರತಿಯೊಬ್ಬರೂ ಎದ್ದು ಉತ್ತರ ಕೊಟ್ಟರು. ನಡುವೆ ಮಕ್ಕಳ ಫುಟ್ಬಾಲ್ ತಂಡದ ನಾಯಕಿ, ಅಚಿಯೆಂಗ್ ಎಂಬ ಹುಡುಗಿ, ಮೆಲ್ಲಗೆ ಬಂದು ನನ್ನ ಕೈ ಹಿಡಿದು ಇಂಗ್ಲಿಷಿನಲ್ಲಿ ಕೇಳಿದಳು: "ನೀವು ಯಾವಾಗ ಹೋಗುತ್ತೀರಿ?"

ನನಗೆ ಎದೆ ತುಂಬಿ ಬಂತು. ಅರ್ಧ ದಿನದಲ್ಲೇ ಮಗು ಎಷ್ಟು ಹಚ್ಚಿಕೊಂಡಿತಲ್ಲ! ತಲೆ ಸವರಿ, "ಹೆದರಬೇಡ, ಇನ್ನೂ ಎರಡು ತಾಸು ಇರುತ್ತೇನೆ" ಎಂದೆ. ಅವಳ ಮುಖ ಬಾಡಿತು. ಎರಡೇ ತಾಸು ಎಂದು ಬೇಸರವಾಯಿತೇನೋ ಎಂದುಕೊಂಡು ಇನ್ನೊಂದು ಶಾಲು ತೆಗೆದೆ.

ಕೊನೆಯ ಹಾರ ಹಾಕುವಷ್ಟರಲ್ಲಿ ವ್ಯಾನು ಹೊರಟ ಸದ್ದಾಯಿತು. ಮಕ್ಕಳೆಲ್ಲ ಓಡಿಹೋಗಿ ಬೇಲಿಯ ಬಳಿ ನಿಂತು ವ್ಯಾನು ಮರೆಯಾಗುವುದನ್ನು ನೋಡಿದರು. ಅಚಿಯೆಂಗ್ ಕೇಳಿದ್ದರ ಅರ್ಥ ಆಗ ನನಗೆ ಹೊಳೆಯಿತು. ಶಾಲೆಯ ದಿನಗಳಲ್ಲಿ ನಾವೂ ಭಾಷಣ ಮಾಡುವ ಅತಿಥಿಗಳಿಗೆ ಶಾಪ ಹಾಕುತ್ತ ಬಿಸಿಲಿನಲ್ಲಿ ಕೂತವರೇ. ಆದರೆ ಅತಿಥಿಗೆ ಯಾವಾಗಲೂ ಶಾಮಿಯಾನ ಇರುತ್ತದೆ ನೋಡಿ, ಅಲ್ಲಿ ಕೂತ ಮೇಲೆ ಬಿಸಿಲು ಮರೆತುಹೋಗುತ್ತದೆ. ಅಚಿಯೆಂಗ್ ಚೆಂಡು ತಂದು ನನ್ನ ಕಾಲ ಬಳಿ ಇಟ್ಟಳು. "ಅವರು ಹೋದರು. ಈಗ ನೀವೇ ಆಡಬೇಕು."

ಉಳಿದ ಶಾಲುಗಳನ್ನು ಸುತ್ತಿ ಗೋಲಿನ ಗುರುತಿಗೆ ಇಟ್ಟರು. ನಡುವೆ ನಾನು. ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು ನಿಂತದ್ದೊಂದೇ ಗೊತ್ತು. ಚೆಂಡು ಬಲಕ್ಕೆ ಬಂದರೆ ನಾನು ಎಡಕ್ಕೆ ಬಿದ್ದೆ, ನೇರ ಬಂದರೆ ಕುಂತೇಬಿಟ್ಟೆ. ಮಕ್ಕಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಇಡೀ ಪ್ರವಾಸದಲ್ಲಿ ನಾನು ಮಾಡಿದ ಸೇವೆ ಅಷ್ಟೇ.

ಊರಿಗೆ ಮರಳಿದೆ. ವಿದೇಶದಲ್ಲಿ ಸೇವೆ ಮಾಡಿ ಬಂದವಳೆಂದು ಅಪ್ಪ ಶಾಲೆಯಲ್ಲಿ ನನಗೇ ಸನ್ಮಾನ ಇಡಿಸಿದರು. ಹೊದಿಸಿದ ಶಾಲಿಗೆ ಅರಿಸಿನದ ಕಲೆ ಇತ್ತು, ಊರೆಲ್ಲ ಸುತ್ತಿ ಬಂದ ನಮ್ಮ ಮನೆಯದೇ. ಅದು ಮಕ್ಕಳ ಆಟದ ಅವಧಿ. ಖೋ-ಖೋ ಕಂಬಗಳ ನಡುವೆ ಅವರನ್ನು ಸಾಲಾಗಿ ಕೂರಿಸಿದ್ದರು. ಬೇಗ ಮುಗಿಸಬೇಕೆಂದು ಶಪಥ ಮಾಡಿಯೇ ಮೈಕು ಹಿಡಿದೆ. ಅತಿಥಿಗಳು ಯಾಕೆ ಕಡಿಮೆ ಮಾತಾಡಬೇಕು ಎಂಬುದನ್ನು ವಿವರಿಸಿದೆ. ಉದಾಹರಣೆಗೆ ಅಚಿಯೆಂಗಳ ಕಥೆ ಹೇಳಿದೆ. ಗೋಲುಗಳನ್ನು ಒಂದೊಂದಾಗಿ ಬಣ್ಣಿಸಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಅಕ್ಕಾರ, ಆ ಹುಡುಗಿ ನಿಮ್ಮನ್ನ ಏನಂತ ಕೇಳಿದ್ಲಂದ್ರಿ?"

"ಯಾವಾಗ ಹೋಗ್ತೀರಿ ಅಂತ ಕೇಳಿದ್ಲು."

"ಹೂಂರಿ. ಅದನ್ನ ನಾವೂ ಕೇಳಬೇಕಂತ ಮಾಡೇವ್ರಿ."

ನಾನು ಮೈಕು ಕೆಳಗಿಟ್ಟೆ. ನಾಚಿಕೆಯಲ್ಲಿ ಏನು ಮಾಡಬೇಕೆಂದು ತೋಚದೆ, ಶಾಲು ತೆಗೆದು ಪಕ್ಕದಲ್ಲಿ ಕೂತಿದ್ದ ಹೆಡ್‌ಮಾಸ್ತರರಿಗೆ ಹೊದಿಸಿಬಿಟ್ಟೆ. ಅವರು ಗಂಟಲು ಸರಿಮಾಡಿಕೊಂಡು ಎದ್ದು ಮೈಕು ತೆಗೆದುಕೊಂಡರು. "ಎರಡ ಎರಡು ಮಾತು..."

ಮಕ್ಕಳು ಅವರನ್ನು ನೋಡಲಿಲ್ಲ. ಎಲ್ಲರೂ ಶಾಲು ಹೊದಿಸಿದ ನನ್ನನ್ನೇ ನೋಡಿದರು.