ವೆಬ್‌ಸೈಟ್ ನೋಡಿದೋರೆಲ್ಲ ನೆಂಟ್ರಾದ್ರು

ಇಂಥ ಫಜೀತಿಗಳು ಬೇರೆಯವ್ರಿಗೆ ವರ್ಷಕ್ಕೊಂದ್ಸಲ ಆಗ್ತವೆ, ನಮಗೆ ಫೋನ್ ರಿಂಗಾದಾಗೆಲ್ಲ ಆಗ್ತವೆ ಕಣ್ರೀ. ನಮ್ಮಣ್ಣ ಕಡೂರಲ್ಲಿ ನೀರಿನ ಟ್ಯಾಂಕು, ಸಂಪು ತೊಳ್ಯೋ ಕೆಲ್ಸ ಶುರು ಮಾಡ್ದ. ನೀರು ಚಿಮ್ಸೋ ಮಿಷನ್ ಅವನ್ದು, ವೆಬ್‌ಸೈಟು, ಫೋನು ನನ್ದು. ಅಪ್ಪ ಮೊದ್ಲೇ ಹೇಳ್ಬಿಟ್ಟಿದ್ರು, ವೆಬ್‌ಸೈಟ್ ನೋಡಿ ಒಬ್ರಾದ್ರೂ ಕೆಲ್ಸ ಕೊಟ್ರೆ ಸರಿ, ಇಲ್ಲಾಂದ್ರೆ ದೀಪಾವಳಿಗೆ ಮಿಷನ್ನು ಕಾರ್ ತೊಳ್ಯೋನಿಗೆ ಮಾರೋದೇ ಅಂತ. ಅಣ್ಣ ಅವತ್ತಿಂದ ಮಿಷನ್‌ಗೆ ಟವಲ್ ಹೊದಿಸಿ ಇಡೋಕೆ ಶುರು ಮಾಡ್ದ.

೧. ಈಗಲೇ ಕರೆ ಮಾಡಿ

ಸುಮ್ನೆ ನೋಡಿ ಹೋಗೋರು ಒಂಚೂರು ನಿಲ್ಲಬೇಕಲ್ವಾ, ಅದಕ್ಕೇ ಮೇಲ್ಗಡೆ ಕೆಂಪು ಬಟನ್ ಇಟ್ಟೆ, ಈಗಲೇ ಕರೆ ಮಾಡಿ ಅಂತ. ಮೊದಲ್ನೇ ಕರೆ ಅಮೃತಾಪುರದಿಂದ. ಒಬ್ಬ ಯಜಮಾನ್ರು, ಏದುಸಿರು ಬಿಡ್ತಾ ಇದಾರೆ. ನಾನು ಖುಷೀಲಿ ಟ್ಯಾಂಕಾ, ಸಂಪಾ, ಎಷ್ಟು ದೊಡ್ಡದು ಅಂತೆಲ್ಲ ಒಂದೇ ಉಸುರಿಗೆ ಕೇಳ್ದೆ. ಅದೆಲ್ಲ ಇರ್ಲಿ ಅಂದ್ರು. ಮಗಳ ಫೋನಲ್ಲಿ ನೋಡಿದ್ರಂತೆ, ತೋಟದಲ್ಲಿ ಸಿಗ್ನಲ್ ಸಿಗ್ದೆ ರಸ್ತೆವರ್ಗೂ ಓಡ್ಬಂದ್ರಂತೆ.

"ಈಗಲೇ ಮಾಡಿ ಅಂತ ನೀನೇ ಬರ್ದಿದೀಯಲ್ಲಮ್ಮ. ಏನಾಯ್ತು ಹೇಳು, ಯಾರಿಗಾದ್ರೂ ಹುಷಾರಿಲ್ವಾ?"

ಎಲ್ಲಾರೂ ಚೆನ್ನಾಗಿದೀವಿ ಅಂದೆ. ಹಂಗಾದ್ರೆ ಸರಿ ಅಂತ ಇಟ್ಬಿಟ್ರು. ಪಾಪ ಅನ್ನಿಸ್ತು, ಬಟನ್ ಮೇಲೆ 'ನಿಧಾನಕ್ಕೆ ಕರೆ ಮಾಡಿ' ಅಂತ ಬದಲಾಯಿಸ್ದೆ. ಜನ ಎಷ್ಟು ನಿಧಾನ ಅಂದ್ರೆ, ವಾರ ಕಳೆದ್ರೂ ಒಂದು ಕರೆ ಬರ್ಲಿಲ್ಲ.

೨. ತೊಳೆಯೋ ಮುಂಚೆ, ತೊಳೆದ ಮೇಲೆ

ಫೋಟೋ ಇದ್ರೆ ಜನ ನಂಬ್ತಾರೆ ಅಂದ ಅಣ್ಣ. ತರೀಕೆರೇಲಿ ಅವನ ಸ್ನೇಹಿತನ ಮನೆ ಟ್ಯಾಂಕನ್ನ ಪುಕ್ಸಟ್ಟೆ ತೊಳೆದು ಎರಡು ಫೋಟೋ ಹಾಕಿದ್ವಿ. ಹೆಸ್ರು ಹಾಕ್ಲಿಲ್ಲ, ತರೀಕೆರೆ ಅಂತ ಮಾತ್ರ ಬರ್ದೆ. ಬಂದ್ರು ನೋಡಿ ಜನ, ಫೋನ್ ಮೇಲೆ ಫೋನು. ಅಣ್ಣ ಮಿಷನ್‌ಗೆ ಪೆಟ್ರೋಲ್ ತುಂಬ್ಸೇಬಿಟ್ಟ. ಆದ್ರೆ ಎಲ್ಲಾರ್ದೂ ಒಂದೇ ಪ್ರಶ್ನೆ, ಆ ಪಾಚಿ ಟ್ಯಾಂಕು ಯಾರ ಮನೇದು. ನಾನು ಹೇಳಲ್ಲ ಅಂದ್ರೆ ಬೀದಿ ಬೀದಿ ಹೆಸ್ರು ಹೇಳಿ ಇವ್ರದಾ, ಅವ್ರದಾ ಅಂತಾರೆ.

ಸಂಜೆ ಸ್ನೇಹಿತನ ಅಮ್ಮಾನೇ ಫೋನ್ ಮಾಡಿದ್ರು. ಪಾಚಿ ಫೋಟೋದ ಮೂಲೇಲಿ ಅವ್ರು ಒಣಗಾಕಿದ್ದ ನೀಲಿ ಹೂವಿನ ನೈಟಿ ಬಂದ್ಬಿಟ್ಟಿದೆ, ಇಡೀ ಬೀದಿ ಗುರುತು ಹಿಡಿದಿದೆ. ಮನೆಗೆ ಬಂದೋರೆಲ್ಲ ಕಾಫಿ ಈಗ್ತಾನೇ ಆಯ್ತು, ಬೇಡ ಅಂತಾರಂತೆ. ಫೋಟೋ ತೆಗೆದಾಕ್ತೀನಿ ಆಂಟಿ ಅಂದೆ.

"ತೆಗೀಬೇಡ ಕಣೇ. ಬಂದು ತೊಳೆದಿರೋ ಟ್ಯಾಂಕ್ ಪಕ್ಕಾನೂ ಅದೇ ನೈಟಿ ಒಣಗಾಕಿ ಫೋಟೋ ಹೊಡಿ."

ಹೋದ್ವಿ. ಬಂದಿದೀರಲ್ಲ ಅಂತ ಸಂಪೂ ಪುಕ್ಸಟ್ಟೆ ತೊಳಸ್ಕಂಡ್ರು.

೩. ನಮ್ಮ ಬಗ್ಗೆ

ಸರಿ, ನಾವ್ಯಾರು ಅಂತ ಗೊತ್ತಾದ್ರೆ ಕೆಲ್ಸ ಕೊಡ್ತಾರೆ ಅಂತ 'ನಮ್ಮ ಬಗ್ಗೆ' ಅನ್ನೋ ಪುಟ ಮಾಡಿ, ಅಪ್ಪನ ಊರು ಚೌಳಹಿರಿಯೂರು, ಅಜ್ಜಿ ತವರು ಇಂಥ ಕಡೆ ಅಂತ ಎಲ್ಲ ಬರ್ದೆ. ಅಜ್ಜಂಪುರದಿಂದ ಒಬ್ಬ ಮೇಷ್ಟ್ರು ಓದಿ ಕರದೇಬಿಟ್ರು. ಮಿಷನ್ ಹೇರ್ಕಂಡು ಹೋದ್ವಿ. ಪೈಪ್ ಬಿಚ್ಚೋ ಮುಂಚೆ ಮೇಷ್ಟ್ರ ಹೆಂಡ್ತಿ ನಮ್ಮಜ್ಜಿ ಹೆಸ್ರು ಕೇಳಿದ್ರು. ನೋಡಿದ್ರೆ ನಮ್ಮಜ್ಜಿ ಅವ್ರ ಚಿಕ್ಕಮ್ಮನ ವಾರಗಿತ್ತಿ. ಒಳಗೆ ಕರದು ಹೋಳಿಗೆ ಹಾಕಿದ್ರು, ನಂಗೆ ಕುಂಕುಮ, ಬ್ಲೌಸ್ ಪೀಸು. ಅಣ್ಣ ಮೆಲ್ಲಗೆ ಟ್ಯಾಂಕಿನ ವಿಷ್ಯ ಎತ್ತಿದ.

"ನೆಂಟ್ರ ಕೈಲಿ ಯಾರಾದ್ರೂ ಪಾಚಿ ತೊಳಸ್ತಾರೇನಪ್ಪಾ. ತುಪ್ಪ ಹಾಕ್ಕೋ."

ಆಮೇಲೆ ಕರದೋರೆಲ್ಲ ಹಿಂಗೇ. ನಂಬ್ದಿದ್ರೆ ಕೆಲ್ಸ ಕೊಡಲ್ಲ, ನಂಬಿದ್ರೆ ನೆಂಟ್ರಾಗ್ಬಿಡ್ತಾರೆ, ನಡುವೆ ಎಲ್ಲಿ ನಿಲ್ಲಬೇಕೋ ನಂಗಂತೂ ತಿಳೀಲಿಲ್ಲ. ಮಿಷನ್‌ಗೆ ತುಕ್ಕು ಬಂತು, ಅಣ್ಣನಿಗೆ ಹೊಟ್ಟೆ ಬಂತು.

೪. ಶಿವನಿ ಕೆಲ್ಸ

ದೀಪಾವಳಿ ಹತ್ರ ಬಂತು. ಕಾರ್ ತೊಳ್ಯೋನು ಬಂದು ಟವಲ್ ಎತ್ತಿ ಮಿಷನ್ ನೋಡ್ಕಂಡೂ ಹೋದ. ನಾನು 'ನಮ್ಮ ಬಗ್ಗೆ' ಪುಟ ಕಿತ್ತಾಕ್ದೆ. ಮಾರನೇ ದಿನಾನೇ ಶಿವನಿಯಿಂದ ಒಬ್ಬ ಹೆಂಗಸು ಫೋನ್ ಮಾಡಿ, ಯಾವೂರು, ಯಾರ ಮಗಳು ಏನೂ ಕೇಳ್ದೆ, ಸ್ಟೇಷನ್ ಹಿಂದಿನ ಮನೆ, ನಾಳೆ ಬನ್ನಿ ಅಂದ್ರು. ಅಪ್ಪ ಕಣ್ಣಾರೆ ನೋಡ್ತೀನಿ ಅಂತ ಜೊತೇಲೇ ಬಂದ್ರು.

ಗೇಟ್ ತೆಗೆದೋರ್ನ ನೋಡಿ ಅಪ್ಪ ಹಂಗೇ ನಿಂತ್ಬಿಟ್ರು. ಅವ್ರ ಸ್ವಂತ ದೊಡ್ಡಪ್ಪನ ಮಗ. ಯಾವ್ದೋ ಮದ್ವೇಲಿ ಊಟಕ್ಕೆ ಏಳಿ ಅಂತ ಕರೀಲಿಲ್ಲ ಅಂತ ಜಗಳ ಆಗಿ, ನಾನು ಹುಟ್ಟೋ ಮುಂಚೇನೇ ಇಬ್ರೂ ಮಾತು ಬಿಟ್ಟಿದ್ರು. ಮುಗೀತು ಮಿಷನ್ ಕಥೆ ಅಂದ್ಕಂಡೆ. ಅವ್ರು ನಮ್ ಕಡೆ ನೋಡ್ಲೂ ಇಲ್ಲ, ಹೆಂಡ್ತಿ ಕಡೆ ತಿರುಗಿದ್ರು.

"ನೆಂಟ್ರಾಗಿದ್ರೆ ಊಟ ಹಾಕಿ ಕಳಿಸ್ಬೇಕಿತ್ತು. ಇವ್ರೇನು ನಮಗೆ ಆಗಬೇಕಾದೋರಲ್ಲ. ತೊಳೀಲಿ."

ಅಪ್ಪನೂ ಅವ್ರ ಕಡೆ ನೋಡ್ದೆ, ಮಿಷನ್‌ಗೆ ಹೇಳೋ ಹಂಗೆ ಶುರು ಮಾಡು ಅಂದ್ರು. ತೊಳದ್ವಿ, ತಳ ಫಳಫಳ. ಕಾಫಿ ಕೊಡ್ಲಿಲ್ಲ, ಕೂತ್ಕಳಿ ಅನ್ಲಿಲ್ಲ, ಪೂರ್ತಿ ದುಡ್ಡು ಕೊಟ್ರು.

ವಾಪಸ್ ಬರ್ತಾ ಗೂಡ್ಸ್ ಆಟೋದಲ್ಲಿ ಅಣ್ಣ ಮಿಷನ್ ತಬ್ಕಂಡು ಕೂತಿದ್ದ. ನಮ್ಮನೆ ಜೊತೆ ಮಾತು ಬಿಟ್ಟಿರೋರು ಇನ್ನೂ ಯಾರ್ಯಾರಿದಾರೆ ಅಂತ ನಾನು ಅಪ್ಪನ್ನ ಕೇಳ್ದೆ. ಅಪ್ಪ ಬೀರೂರು ದಾಟೋವರ್ಗೂ ಬೆರಳು ಮಡಚಿ ಎಣಿಸಿದ್ರು.

"ಇರೋರು ಸಾಲಲ್ಲ ಕಣಮ್ಮ. ನಾಳೆ ಒಂದೆರಡು ಒಳ್ಳೇ ಮನೆ ನೋಡಿ ಜಗಳ ಆಡ್ಬತ್ತೀನಿ."