ಅತ್ತೆ ಮತ್ತು ಜಾರುವ ಬೆಡ್‌ಶೀಟು

ನಮ್ಮ ಸೋದರತ್ತೆಗೆ ಈ ಭೂಮಿಯ ಮೇಲೆ ಇರುವುದು ಒಂದೇ ಶತ್ರು: ಜಾರುವ ಬೆಡ್‌ಶೀಟು! ಸುಳ್ಳು ಹೇಳಿದವರನ್ನು ಅವರು ಕ್ಷಮಿಸುತ್ತಾರೆ, ಸಾರಿಗೆ ಉಪ್ಪು ಮರೆತವರನ್ನೂ ಕ್ಷಮಿಸುತ್ತಾರೆ. ಆದರೆ ಮಂಚದಿಂದ ಒಂದು ಬೆರಳಷ್ಟು ಜಾರಿದ ಬೆಡ್‌ಶೀಟಿಗೆ ಕ್ಷಮೆಯಿಲ್ಲ. ಕಲ್ಯಾಣದುರ್ಗದ ಅವರ ಮನೆಯಲ್ಲಿ ಮಲಗಿದವರು ಮಗ್ಗುಲು ಬದಲಿಸಲೂ ಅಪ್ಪಣೆ ಕೇಳಬೇಕು!

ಮೊದಮೊದಲು ಲಂಗದ ಲಾಡಿಗಳನ್ನು ಕಿತ್ತು, ಬೆಡ್‌ಶೀಟಿನ ಮೂಲೆಗಳನ್ನು ಮಂಚದ ಕಾಲಿಗೆ ಕಟ್ಟುತ್ತಿದ್ದರು. “ನಿನ್ನ ಬೆಡ್‌ಶೀಟು ನಿಲ್ಲಕ್ಕೆ ನಮ್ಮ ಲಂಗ ಜಾರ್ಬೇಕೇನೇ?” ಎಂದು ನಮ್ಮಜ್ಜಿ ಕೂಗಾಡಿದ ಮೇಲೆ ಲಾಡಿ ಬಿಟ್ಟು ಗೋಣಿ ಹೊಲಿಯುವ ದಬ್ಬಳ ಹಿಡಿದರು.

ಆ ದಬ್ಬಳದಿಂದ ನನ್ನ ಮದುವೆಯೇ ತಪ್ಪಿಹೋಗುವುದರಲ್ಲಿತ್ತು. ತಾಯಿಯಿಲ್ಲದ ನನ್ನನ್ನು ಸಾಕಿದವರು ಅತ್ತೆಯೇ. ಹಾಗಾಗಿ ಮಾತುಕತೆಯೂ ಅವರ ಮನೆಯಲ್ಲೇ. ರೊದ್ದಂನಿಂದ ಬಂದ ನನ್ನ ಭಾವೀ ಮಾವನವರು ಒಬ್ಬಟ್ಟು ಉಂಡು, ನುಣುಪಾದ ಹೊಸ ಬೆಡ್‌ಶೀಟಿನ ಮೇಲೆ ನಿದ್ದೆಹೋದರು. ಅದು ಜಾರತೊಡಗಿತು. ಅತ್ತೆ ಸುಮ್ಮನಿರುವುದುಂಟೇ? ಮಲಗಿದವರನ್ನು ಎಬ್ಬಿಸದೆ ಬೆಡ್‌ಶೀಟಿನ ಅಂಚನ್ನು ಹಾಸಿಗೆಗೆ ಹೊಲಿದೇಬಿಟ್ಟರು. ಮಾವನವರು ಎದ್ದು ನಿಂತರು; ಪಂಚೆ ಮಾತ್ರ ಏಳಲಿಲ್ಲ!

“ಅಯ್ಯೋ, ನಾ ಪಂಚೆ! ನಾ ಪಂಚೆ!” ಗಾಬರಿಯಲ್ಲಿ ಅವರು ತೆಲುಗಿಗೆ ಇಳಿದರು.

ಅತ್ತೆ ಬಗ್ಗಿ ಹಾಸಿಗೆಯನ್ನು ಪರೀಕ್ಷಿಸಿ, “ಪಂಚೆ ಬಿಡ್ರಣ್ಣ, ಬೆಡ್‌ಶೀಟು ಜಾರಿಲ್ಲ ನೋಡ್ರಿ” ಎಂದರು.

ಮಾವನವರು ನಕ್ಕಿದ್ದರಿಂದ ನನಗೆ ಹೆಂಡತಿ ಸಿಕ್ಕಳು.

ಆಮೇಲೆ ಅತ್ತೆಗೆ ಕಂಬಳಿ ಹೊಳೆಯಿತು. ನಮ್ಮ ಕಡೆಯ ಕುರಿಯ ಕರಿ ಕಂಬಳಿ. ಹುಣಸೆ ಬೀಜದ ಗಂಜಿ ಹಚ್ಚಿ ಬಿರುಸು ಮಾಡಿದ್ದು, ಮುಟ್ಟಿದರೆ ಅಂಗೈ ಕೆರೆಯುತ್ತದೆ. ಅದನ್ನು ಬೆಡ್‌ಶೀಟಿನ ಕೆಳಗೆ ಹಾಸಿದರೆ ಏನೂ ಜಾರದಂತೆ! ಹಿಂದೂಪುರದ ನಮ್ಮ ಮನೆಗೆ ಬಂದಾಗಲೆಲ್ಲ ಒಂದು ತಂದರು. ನಾವು ಪ್ರತಿಸಲವೂ ನಕ್ಕು, ವಾಪಸು ಕಳಿಸಿದೆವು.

ಈ ವರ್ಷ ಹೆಂಡತಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಇನ್ನೊಮ್ಮೆ ಬಿದ್ದರೆ ನಡೆಯುವುದು ಕಷ್ಟ ಎಂದು ಡಾಕ್ಟರು ಎಚ್ಚರಿಸಿ ಮನೆಗೆ ಕಳಿಸಿದರು. ಬಾಡಿಗೆಗೆ ತಂದ ಮಂಚದ ಹಾಸಿಗೆಗೆ ರೆಕ್ಸಿನ್ ಹೊದಿಕೆ. ಮರುದಿನ ಬೆಳಿಗ್ಗೆ ನಾನು ನೀರಿನ ಲೋಟ ಇಟ್ಟು ತಿರುಗಿದೆ. ಮೊದಲು ಬೆಡ್‌ಶೀಟಿನ ಅಂಚು ಇಳಿಯಿತು. ಅದರ ಜೊತೆಗೆ ಅವಳೂ, ಸದ್ದಿಲ್ಲದೆ, ನಿಧಾನವಾಗಿ. ಭುಜ ಹಿಡಿದೆ. ಅಷ್ಟರಲ್ಲಿ ಅವಳ ಹಿಮ್ಮಡಿ ನೆಲ ಮುಟ್ಟಿತ್ತು. ಪೆಟ್ಟಾಗದಂತೆ ಮೇಲಕ್ಕೆತ್ತಿ ಮಲಗಿಸಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಅಂದಿನಿಂದ ಮಂಚದ ಪಕ್ಕ ಕೂತು ಬೆಡ್‌ಶೀಟಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಕೂತಲ್ಲೇ ತೂಕಡಿಸಿದೆ, ಕೈ ಬಿಡಲಿಲ್ಲ.

ಸುದ್ದಿ ತಿಳಿದ ಅತ್ತೆ ಪೆನುಕೊಂಡದಲ್ಲಿ ಬಸ್ಸು ಬದಲಿಸಿ, ಕಂಕುಳಲ್ಲಿ ಕಂಬಳಿಯ ಸುರುಳಿ ಇಟ್ಟುಕೊಂಡು ಬಂದಿಳಿದರು.

“ಈ ಸಲಾನೂ ವಾಪಸು ಕಳಿಸ್ತೀಯೇನ್ಲಾ?”

ನಾನು ಸರಿದು ದಾರಿ ಬಿಟ್ಟೆ. ಅತ್ತೆ, ದಿನಾ ಮನೆಗೆ ಬರುತ್ತಿದ್ದ ನರ್ಸಮ್ಮನ ಜೊತೆ ಸೇರಿ, ಹೆಂಡತಿಯನ್ನು ಒಂದೊಂದೇ ಮಗ್ಗುಲಿಗೆ ಹೊರಳಿಸಿ, ರೆಕ್ಸಿನ್ನಿನ ಮೇಲೆ ಕಂಬಳಿ ಹಾಸಿ, ಮೇಲೆ ದಪ್ಪ ಹತ್ತಿಯ ಬೆಡ್‌ಶೀಟು ಹೊದಿಸಿ, ಅಂಚುಗಳನ್ನು ಒಳಗೆ ಸಿಕ್ಕಿಸಿದರು. ನಾನು ಎಳೆದು ನೋಡಿದೆ. ಅಲುಗಲಿಲ್ಲ.

“ಅತ್ತೆ, ಕುರಿ ವಾಸನೆ ಬತ್ತೈತೆ,” ಎಂದಳು ಹೆಂಡತಿ.

“ಬರ್ಲಿ ಬಿಡೇ. ನೀನು ಜಾರಿದ್ರೆ ಆ ಕುರೀನೇ ಬಂದು ಹಿಡ್ಕಂತದೆ!”

ಹೆಂಡತಿ ನಕ್ಕಳು. ಮನೆಗೆ ಬಂದ ಮೇಲೆ ಮೊದಲ ಸಲ. ನಗುತ್ತಲೇ ಕಣ್ಣು ಮುಚ್ಚಿದಳು.

ನನ್ನ ಮುಷ್ಟಿ ಇನ್ನೂ ಬೆಡ್‌ಶೀಟಿನ ಮೇಲೇ ಇತ್ತು. ಅತ್ತೆ ಪಕ್ಕದಲ್ಲಿ ಕೂತು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. “ಬಿಡಪ್ಪ. ಇನ್ನು ಕಂಬಳಿ ಹಿಡ್ಕಂಡೈತೆ. ನೀನು ಮಲಿಕ್ಕೋ.”

ಮಂಚದ ಪಕ್ಕ ಚಾಪೆಯ ಮೇಲೆ ಬಿದ್ದುಕೊಂಡೆ. ಎಚ್ಚರವಾದಾಗ ಇಳಿಬಿಸಿಲು ಕಿಟಕಿಗೆ ಬಂದಿತ್ತು. ನನ್ನ ಮೇಲೆ ಯಾರೋ ಹೊದಿಸಿದ್ದ ದುಪ್ಪಟಿಯನ್ನು ಎಳೆದುಕೊಳ್ಳಲು ಹೋದೆ, ಬರಲಿಲ್ಲ. ಕಾಲ ಬಳಿ ಅದನ್ನು ದಪ್ಪ ದಾರದಿಂದ ಚಾಪೆಗೆ ಹೊಲಿದಿದ್ದರು. ಪಂಚೆಯನ್ನು ಈ ಸಲ ಜೋಪಾನವಾಗಿ ತಪ್ಪಿಸಿದ್ದರು.

ಹೊಲಿಗೆ ಬಿಚ್ಚಲು ಮನಸ್ಸಾಗದೆ, ಇನ್ನಷ್ಟು ಹೊತ್ತು ಹಾಗೇ ಮಲಗಿದ್ದೆ.