ಜಡ್ಜ್ ಗ್ರೇಬಿಲ್ಲರ ಗೆಲುವು

ಚುನಾವಣೆಯ ದಿನ ಬೆಳಿಗ್ಗೆ ಪರದೆ ಸರಿಸಿದ ಜಡ್ಜ್ ಮರ್ಲ್ ಗ್ರೇಬಿಲ್ಲರಿಗೆ ರಸ್ತೆಯ ಎರಡೂ ಬದಿಯ ಹುಲ್ಲಿನಲ್ಲಿ ತಮ್ಮದೇ ಹೆಸರು ಅಣಬೆಗಳ ಹಾಗೆ ಎದ್ದು ನಿಂತದ್ದು ಕಂಡಿತು. 'ಗ್ರೇಬಿಲ್ಲರನ್ನೇ ಉಳಿಸಿಕೊಳ್ಳಿ' ಎಂಬ ನೀಲಿ ಫಲಕಗಳು. ಎದುರುಮನೆಯ ಡಾರ್ಲಾ ಕುಬಿಯಾಕಳ ಕೆಲಸ. ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ಆಕೆಗೆ ಈಗ ಓಡಿಸಲು ಉಳಿದಿದ್ದವರು ನೆರೆಹೊರೆಯವರು ಮಾತ್ರ.

ಈ ಸಲ ಗ್ರೇಬಿಲ್ಲರಿಗೆ ಸೋಲುವುದೇ ಬೇಕಾಗಿತ್ತು.

ಓಹಿಯೋದಲ್ಲಿ ಜಡ್ಜುಗಳೂ ವೋಟು ಕೇಳಿಯೇ ಕುರ್ಚಿ ಹತ್ತಬೇಕು. ಹನ್ನೆರಡು ವರ್ಷದ ಹಿಂದೆ ಅವರು ಕೌಂಟಿಯ ಕೆಳಗಿನ ಕೋರ್ಟಿನಿಂದ ಅಪೀಲು ಕೋರ್ಟಿಗೆ ಗೆದ್ದು ಹೋದಾಗ ಊರೇ ಕೇಕು ಕತ್ತರಿಸಿತ್ತು. ಹೋದ ಮೇಲೆ ತಿಳಿಯಿತು, ಅಲ್ಲಿಗೆ ಮನುಷ್ಯರು ಬರುವುದಿಲ್ಲ, ಕಾಗದ ಬರುತ್ತದೆ. ಕೆಳಗೆ ಜನ ಕಣ್ಣೆದುರೇ ಅಳುತ್ತಿದ್ದರು. ಮೇಲೆ, ಸಾಕ್ಷಿ ಅತ್ತಳೆಂದು ಯಾವುದೋ ಪುಟದ ಯಾವುದೋ ಸಾಲು ಹೇಳುತ್ತಿತ್ತು. ಆ ಹಳೆಯ ಕೋರ್ಟಿನ ಕಿರುಗುಟ್ಟುವ ಬಾಗಿಲು, ಶುಕ್ರವಾರದ ದತ್ತು ವಿಚಾರಣೆ, ಹೊಸ ಅಪ್ಪ ಅಮ್ಮನ ನಡುವೆ ಕಾಲು ಆಡಿಸುತ್ತ ಕೂತ ಮಗು "ಆ ಸುತ್ತಿಗೆ ನಾನೊಂದ್ಸಲ ಹೊಡೀಲಾ?" ಎಂದು ಕೇಳುವುದು. ನೆನಪಾದಾಗಲೆಲ್ಲ ಕಪ್ಪು ನಿಲುವಂಗಿಯೊಳಗೆ ಅವರಿಗೆ ಚಳಿಯಾಗುತ್ತಿತ್ತು.

ಈ ಸಲದ ಎದುರಾಳಿ ಇವೊನ್ ಟ್ಯಾಕೆಟ್, ಅದೇ ಹಳೆಯ ಕೋರ್ಟಿನ ಈಗಿನ ಜಡ್ಜು. ಆಕೆ ಗೆದ್ದರೆ ಆ ಕುರ್ಚಿ ಖಾಲಿ. ಹಾಗೆ ನಡುವೆ ಖಾಲಿಯಾದ ಕುರ್ಚಿ ತುಂಬುವವರು ಗವರ್ನರರು; ಅಲ್ಲಿಗೆ ಗ್ರೇಬಿಲ್ಲರನ್ನು ನೇಮಿಸಲು ಅವರ ಕಡೆಯವರು ಒಪ್ಪಿ ತಲೆಯಾಡಿಸಿದ್ದರು. ತಾವೇ ಕಣದಿಂದ ಸರಿದರೆ ಪಕ್ಷದವರು ಬೇರೊಬ್ಬನನ್ನು ನಿಲ್ಲಿಸಿ ಗೆಲ್ಲಿಸುತ್ತಿದ್ದರು, ಆ ಕುರ್ಚಿ ಖಾಲಿಯಾಗುತ್ತಲೇ ಇರಲಿಲ್ಲ. ಗೆದ್ದರೋ, ಇನ್ನಾರು ವರ್ಷ ಕಾಗದ. ಅಷ್ಟರಲ್ಲಿ ವಯಸ್ಸು ಎಪ್ಪತ್ತು ದಾಟುತ್ತದೆ, ಎಪ್ಪತ್ತು ದಾಟಿದವರಿಗೆ ಓಹಿಯೋದಲ್ಲಿ ಯಾವ ಕೋರ್ಟಿನ ಕುರ್ಚಿಯೂ ಇಲ್ಲ.

ಗ್ರೇಬಿಲ್ಲರು ಚಪ್ಪಲಿಯಲ್ಲೇ ಹೊರಬಿದ್ದು, ಮೂಲಂಗಿ ಕೀಳುವವರ ಹಾಗೆ ಫಲಕಗಳನ್ನು ಕಿತ್ತು ಕಿತ್ತು ಕಾರಿನ ಡಿಕ್ಕಿಗೆ ತುಂಬತೊಡಗಿದರು. ರಸ್ತೆಯ ತುದಿಯ ಕೊನೆಯ ಫಲಕ ಕೈಯಲ್ಲಿದ್ದಾಗ ಪಕ್ಕದಲ್ಲೇ ಡಾರ್ಲಾಳ ಪಿಕಪ್ ಬಂದು ನಿಂತಿತು.

"ಏನ್ರೀ ಜಡ್ಜೇ, ಏನ್ ನಡೀತಿದೆ?"

"ಗಾಳಿಗೆ... ಬಿದ್ದಿತ್ತು."

ಒಂದು ಎಲೆಯೂ ಅಲುಗುತ್ತಿರಲಿಲ್ಲ. ಡಾರ್ಲಾ ಇಳಿದು ಬಂದು ಡಿಕ್ಕಿಯೊಳಗೆ ಬಗ್ಗಿ ನೋಡಿದಳು. ನಿಧಾನಕ್ಕೆ ಅವಳ ಮುಖ ಕೆಂಪಾಯಿತು.

"ಯಾರೋ ಕಿತ್ತೆಸೆದಿದ್ದಾರೆ. ನೀವು ಪಾಪ, ಒಬ್ಬರೇ ಹೆಕ್ಕೊಂಡು ಬರ್ತಿದ್ದೀರಿ. ಹೌದೋ ಅಲ್ವೋ?"

ಜೀವಮಾನವಿಡೀ ಸಾಕ್ಷಿಗಳಿಗೆ ಸತ್ಯ ಹೇಳಿರೆಂದ ಗ್ರೇಬಿಲ್ಲರು ಸುಮ್ಮನೆ ತಲೆಯಾಡಿಸಿದರು.

ಮಧ್ಯಾಹ್ನ ಚರ್ಚಿನ ಹಾಲಿನಲ್ಲಿ ಚುನಾವಣೆಯ ದಿನದ ಊಟ. ಹಿಸುಕಿದ ಆಲೂಗಡ್ಡೆಯ ಮೇಲೆ ಕೋಳಿ ನೂಡಲ್ಸು ಸುರಿಸಿಕೊಂಡು ಗ್ರೇಬಿಲ್ಲರು ಕೂರುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲೇ ಊಟ ಮುಗಿಸಿತ್ತು.

"ಹೊಡೆದ್ರಂತಲ್ಲ ನಿಮ್ಮನ್ನ?" ಬೀಜದಂಗಡಿಯ ಮುದುಕ ವರ್ನ್ ಕೇಳಿದ.

"ಯಾರೂ ಹೊಡೆದಿಲ್ಲ, ವರ್ನ್. ನೋಡು, ಇವೊನ್ ಟ್ಯಾಕೆಟ್ ನನಗಿಂತ ಒಳ್ಳೆ ಜಡ್ಜು."

ವರ್ನ್ ಚಮಚ ಕೆಳಗಿಟ್ಟ. "ಪೆಟ್ಟು ತಿಂದ್ರೂ ಎದುರಾಳಿನ ಹೊಗಳ್ತಾರೆ. ವೋಟಿನ ಚೀಟೀಲಿ ಜಡ್ಜುಗಳ ಜಾಗಾನ ನಾನು ಯಾವತ್ತೂ ಖಾಲಿ ಬಿಟ್ಟೇ ಬರೋನು. ಇವತ್ತು ಬಿಡಲ್ಲ."

"ಬಿಡು ಮಾರಾಯ, ಖಾಲಿನೇ ಬಿಡು," ಗ್ರೇಬಿಲ್ಲರು ಬೇಡಿಕೊಂಡರು.

"ವೋಟು ಕೂಡ ಕೇಳಲ್ಲ ಮನುಷ್ಯ," ಡಾರ್ಲಾ ಕಣ್ಣೊರೆಸಿಕೊಂಡು ಎದ್ದಳು. "ನನ್ನ ಪಿಕಪ್ಪಲ್ಲಿ ಹಿಂದೆ ಮುಂದೆ ಜಾಗ ಇದೆ. ಕಡುಬು ಆಮೇಲೆ ತಿಂದ್ರಾಯ್ತು, ಏಳಿ."

ಹಾಲು ಖಾಲಿಯಾಯಿತು. ಗ್ರೇಬಿಲ್ಲರು ಆರಿದ ನೂಡಲ್ಸಿನ ಮುಂದೆ ಒಬ್ಬರೇ ಕೂತರು, ಅಪೀಲು ಕೋರ್ಟಿನಲ್ಲಿ ಕೂತ ಹಾಗೆಯೇ.

ಆ ರಾತ್ರಿಯೇ ಎಣಿಕೆ ಮುಗಿದಾಗ ಅವರು ಹಿಂದೆಂದೂ ಗೆಲ್ಲದಷ್ಟು ವೋಟಿನಿಂದ ಗೆದ್ದಿದ್ದರು. ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದಾಗ ಇವೊನ್ ಸೇಬಿನ ಕಡುಬು ಹಿಡಿದುಕೊಂಡು ಬಂದಳು. ಸೋತವಳ ಮುಖ ಮದುವಣಗಿತ್ತಿಯ ಮುಖದ ಹಾಗಿತ್ತು.

"ಕ್ಷಮಿಸಿ ಇವೊನ್. ಆ ಫಲಕ ಕಿತ್ತೋರು..."

"ನನ್ನ ಫಲಕಾನಾ? ಅದನ್ನ ನಾನೇ ಕಿತ್ತೆ." ಆಕೆ ತನ್ನ ಕಾರಿನ ಡಿಕ್ಕಿ ತೆರೆದು ತೋರಿಸಿದಳು. ಕೆಂಪು ಫಲಕಗಳು, 'ಟ್ಯಾಕೆಟ್' ಎಂದು, ಸೌದೆಯ ಹಾಗೆ ಪೇರಿಸಿದ್ದವು. "ಯಾರೂ ನಿಲ್ಲೋರಿಲ್ಲ, ಹೆಸರೊಂದು ಇರ್ಲಿ ಅಂತ ಪಕ್ಷದವರು ಗಂಟುಬಿದ್ರು. ಆ ಕೋರ್ಟು ಬಿಟ್ಟು ನಾನೆಲ್ಲಿ ಹೋಗ್ಲಿ ಹೇಳಿ? ನಿಮಗೇ ಗೊತ್ತಲ್ಲ. ಎರಡು ತಿಂಗಳಿಂದ ಸಿಕ್ಕಿದೋರಿಗೆಲ್ಲ ನನಗೆ ಹಾಕ್ಬೇಡಿ ಅಂತ ಹೇಳಿ ಗಂಟಲು ಬಿತ್ತು."

ಗ್ರೇಬಿಲ್ಲರು ತಮ್ಮ ಕಾರಿನ ಮುಚ್ಚಿದ ಡಿಕ್ಕಿಯನ್ನು ನೋಡಿದರು. ತೆರೆಯಲಿಲ್ಲ.

"ಈ ಶುಕ್ರವಾರ ಮೂರು ಮಕ್ಕಳ ದತ್ತು ಇದೆ," ಎಂದಳು ಇವೊನ್. "ಹಿಂದಿನ ಬೆಂಚಲ್ಲಿ ಬಂದು ಕೂತ್ಕೊಳ್ಳಿ." ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಬರೋ ಹಾಗಿಲ್ಲ ಅಲ್ವಾ. ನಾಳೆ ಯಾರಾದ್ರೂ ಅಪೀಲು ಹಾಕಿದ್ರೆ ಬರೋದು ನಿಮ್ಮ ಹತ್ರಾನೇ."

"ಹೌದು," ಎಂದರು ಗ್ರೇಬಿಲ್ಲರು. ಆಮೇಲೆ ಕೇಳಿದರು, "ಆ ಬಾಗಿಲು ಈಗಲೂ ಕಿರುಗುಟ್ಟುತ್ತಾ?"

"ಎಣ್ಣೆ ಹಾಕೋಕೆ ಬಂದಿದ್ರು. ಬೇಡ ಅಂದೆ."

ಗ್ರೇಬಿಲ್ಲರು ಕಡುಬನ್ನು ಮಡಿಲಲ್ಲಿಟ್ಟುಕೊಂಡರು. ಅದಿನ್ನೂ ಬಿಸಿಯಿತ್ತು. ಎದುರುಮನೆಯಿಂದ ಡಾರ್ಲಾ ಇನ್ನೊಂದು ಫಲಕ ಹೊತ್ತು ರಸ್ತೆ ದಾಟಿ ಬರುತ್ತಿದ್ದಳು. ಬಣ್ಣ ಇನ್ನೂ ಹಸಿಯಾಗಿತ್ತು: 'ಉಳಿಸಿಕೊಂಡೆವು.'